ಞ ಅಕ್ಷರಕ್ಕೆ ಕೆಲಸ ಸಿಕ್ಕಿತು

ನಾನು ಸ್ಪೇನಿಗೆ ಹೊರಡೋ ಹಿಂದಿನ ವಾರ ದೊಡ್ಡಪ್ಪನ ಮಗಳ ಮದುವೆ. ಪಂಕ್ತಿಯಲ್ಲಿ ಕೂತು ಪಾಯಸಕ್ಕೆ ಕಾಯ್ತಿದ್ದಾಗ ಹಿಂದಿನ ಸಾಲಿನಿಂದ ಯಾರೋ ಅಮ್ಮನಿಗೆ ಹೇಳಿದ್ದು ನೆಟ್ಟಗೆ ಬಂದು ನನ್ನ ಕಿವಿಗೆ ಬಿತ್ತು: "ಇಂಗ್ಲಿಷೇ ಸರಿಯಾಗಿ ಬರಲ್ಲ, ಇನ್ನು ಸ್ಪ್ಯಾನಿಷ್ ಕಲಿಯಾಕೆ ಓಯ್ತಾಳಂತೆ."

ಅಮ್ಮ ಏನೂ ಅನ್ನಲಿಲ್ಲ. ನನಗೂ ಅದು ಸುಳ್ಳು ಅನ್ನಿಸಲಿಲ್ಲ. ತಿಪಟೂರಲ್ಲಿ ಹತ್ತನೇ ಕ್ಲಾಸಿನ ತನಕ ಕನ್ನಡ ಮೀಡಿಯಂ, ಆಮೇಲೆ ಬಿ.ಕಾಂ., ಆಮೇಲೆ ಬೆಂಗಳೂರಲ್ಲಿ ನಾಲ್ಕು ವರ್ಷ ಯಾವುದೋ ದೇಶದವರ ಬಿಲ್ಲುಗಳನ್ನ ತಾಳೆ ನೋಡೋ ಕೆಲಸ. ಅಲ್ಲಿ ಸ್ಪ್ಯಾನಿಷ್ ಬಲ್ಲವರಿಗೆ ಸಂಬಳ ಜಾಸ್ತಿ ಅಂತ ಗೊತ್ತಾಯ್ತು. ಈ ಕಥೆ ಶುರುವಾಗಿದ್ದು ಅಷ್ಟಕ್ಕೇ, ಭಾಷಾಪ್ರೇಮ ಗೀಮ ಏನೂ ಅಲ್ಲ. ಸಂಜೆ ಕ್ಲಾಸಿಗೆ ಹೋಗಿ ಎ2 ಅನ್ನೋ ಎರಡನೇ ಹಂತದ ತನಕ ಮುಗಿಸಿದೆ. ನಾನು ಉಳಿಸಿದ್ದು, ಕೊಬ್ಬರಿಗೆ ರೇಟು ಬಂದಾಗ ಅಪ್ಪ ಕೊಟ್ಟಿದ್ದು, ಎರಡನ್ನೂ ಸೇರಿಸಿಕೊಂಡು ಒಂದು ವರ್ಷಕ್ಕೆ ಅಂತ ಸಲಮಾಂಕಾಗೆ ಬಂದೆ.

ಸಲಮಾಂಕಾ ಮ್ಯಾಡ್ರಿಡ್‌ನಿಂದ ಪಶ್ಚಿಮಕ್ಕಿರೋ ಊರು. 1218ರಲ್ಲಿ ಶುರುವಾದ ವಿಶ್ವವಿದ್ಯಾಲಯ ಇಲ್ಲಿದೆ. ಹಳೇ ಊರೆಲ್ಲ ಒಂದೇ ಬಣ್ಣದ ಕಲ್ಲು. ಪಕ್ಕದ ಬಿಯಾಮಯೋರ್ ಅನ್ನೋ ಹಳ್ಳಿಯಿಂದ ಬರೋ ಆ ಕಲ್ಲು ಮಧ್ಯಾಹ್ನ ಬೆಲ್ಲದ ಬಣ್ಣ, ಸಂಜೆ ಹೊತ್ತಿಗೆ ಕಾಯಿಸಿದ ತುಪ್ಪದ ಬಣ್ಣ. ವಿಶ್ವವಿದ್ಯಾಲಯದ ಮುಂಬಾಗಿಲ ಕೆತ್ತನೆಯಲ್ಲಿ ಒಂದು ತಲೆಬುರುಡೆ ಮೇಲೆ ಸಣ್ಣ ಕಪ್ಪೆ ಕೂತಿದೆ. ಯಾರೂ ತೋರಿಸದೇ ಅದನ್ನ ಹುಡುಕಿಕೊಂಡವರು ಪರೀಕ್ಷೆ ಪಾಸಾಗ್ತಾರಂತೆ. ನನಗೆ ಏಳೆಂಟು ವರ್ಷದ ಒಬ್ಬ ಹುಡುಗ ತೋರಿಸಿಬಿಟ್ಟ. ಹಾಗಾಗಿ ನಾನು ಓದಲೇಬೇಕಾಯ್ತು.

ನಾನಿರೋದು ಹಳೇ ಊರಲ್ಲಲ್ಲ, ಅಲ್ಲಿಂದ ಇಪ್ಪತ್ತು ನಿಮಿಷ ದೂರದ ಗಾರಿದೊ ಬಡಾವಣೆಯಲ್ಲಿ. ಮೂರನೇ ಮಹಡಿ, ಲಿಫ್ಟ್ ಇಲ್ಲ. ಎಪ್ಪತ್ತನಾಲ್ಕು ವರ್ಷದ ಅಜ್ಜಿ ಒಬ್ಬರು ತಮ್ಮ ಮನೆಯ ಒಂದು ರೂಮನ್ನ ಬಾಡಿಗೆಗೆ ಕೊಟ್ಟಿದ್ದಾರೆ. ಜನವರಿಯಲ್ಲಿ ಇಲ್ಲಿ ಸೂರ್ಯ ಹುಟ್ಟೋದೇ ಎಂಟೂ ಮುಕ್ಕಾಲಿನ ಹೊತ್ತಿಗೆ. ಲೆಕ್ಕಕ್ಕೆ ಇವರ ಗಡಿಯಾರ ಲಂಡನ್ನಿನ ಜೊತೆ ಇರಬೇಕಿತ್ತು. 1940ರಲ್ಲಿ ಫ್ರಾಂಕೋ ಸರ್ಕಾರ ಒಂದು ಗಂಟೆ ಮುಂದಕ್ಕೆ ತಿರುಗಿಸಿ ಬರ್ಲಿನ್ನಿನ ಟೈಮಿಗೆ ಜೋಡಿಸಿತು, ಆಮೇಲೆ ವಾಪಸ್ ತಿರುಗಿಸಲೇ ಇಲ್ಲ. ಒಂಬತ್ತು ಗಂಟೆ ಕ್ಲಾಸಿಗೆ ನಾನು ಬೀದಿದೀಪದ ಬೆಳಕಲ್ಲಿ ಹೋಗ್ತಿದ್ದೆ, ಟ್ಯೂಷನ್ನಿಗೆ ಹೊರಟ ಎಸ್ಸೆಸ್ಸೆಲ್ಸಿ ಹುಡುಗಿ ಥರ. ಊಟ ಮಧ್ಯಾಹ್ನ ಮೂರಕ್ಕೆ, ರಾತ್ರಿ ಊಟ ಒಂಬತ್ತೂವರೆ ಮೇಲೆ. ಆ ಹೊತ್ತಿಗೆ ತಿಪಟೂರಲ್ಲಿ ರಾತ್ರಿ ಎರಡು ಗಂಟೆ. ಅಮ್ಮನಿಗೆ "ಊಟ ಆಯ್ತು" ಅಂತ ಒಂದು ದಿನವೂ ನಿಜ ಹೇಳಿಲ್ಲ.

ಕ್ಲಾಸಲ್ಲಿ ಹದಿಮೂರು ಜನ. ಕೊರಿಯಾ, ಚೀನಾ, ಬ್ರೆಜಿಲ್, ಜರ್ಮನಿ, ಅಮೆರಿಕದವರು, ಮತ್ತೆ ನಾನು. ಮೇಡಂ ಇಂಗ್ಲಿಷ್ ಆಡೋದೇ ಇಲ್ಲ, ಎಲ್ಲಾ ಸ್ಪ್ಯಾನಿಷಲ್ಲೇ. ಆದರೆ ಅರ್ಥವಾಗದೇ ಇದ್ದಾಗ ಬೆಂಚಿನಿಂದ ಬೆಂಚಿಗೆ ಹರಿದಾಡೋ ಪಿಸುಮಾತು ಇಂಗ್ಲಿಷಿನದು. ಮೊಬೈಲಲ್ಲಿರೋ ಆಪ್ ಕೂಡ ಇಂಗ್ಲಿಷಲ್ಲೇ ವಿವರಿಸೋದು. ಹೀಗಾಗಿ ಮೊದಲ ಎರಡು ತಿಂಗಳು ನಾನು ಮಾಡ್ತಿದ್ದಿದ್ದು ಇಷ್ಟು: ಸ್ಪ್ಯಾನಿಷ್ ಕೇಳಿಸಿಕೊಂಡು ಇಂಗ್ಲಿಷಿಗೆ ತಿರುಗಿಸೋದು, ಅಲ್ಲಿಂದ ಕನ್ನಡಕ್ಕೆ ಇಳಿಸೋದು, ಉತ್ತರ ಕನ್ನಡದಲ್ಲಿ ಹೊಳೆದ ಮೇಲೆ ಮತ್ತೆ ಅದೇ ದಾರೀಲಿ ವಾಪಸ್. ತಿಪಟೂರಿನವರು ಅರಸೀಕೆರೆಗೆ ಹೋಗೋಕೆ ಬೆಂಗಳೂರಿಗೆ ಬಂದು ಬಸ್ ಬದಲಾಯಿಸಿದ ಹಾಗೆ. ನಾನು ಬಾಯಿ ತೆಗೆಯೋ ಹೊತ್ತಿಗೆ ಮಾತು ಬೇರೆ ವಿಷಯಕ್ಕೆ ಹೋಗಿರ್ತಿತ್ತು.

ಬಸ್ ಬದಲಾಯಿಸೋದು ನಿಂತಿದ್ದು ನವೆಂಬರ್‌ನ ಒಂದು ಬೆಳಿಗ್ಗೆ. "ಇಷ್ಟ" ಅನ್ನೋದನ್ನ ಹೇಳೋ ಪಾಠ. ಸ್ಪ್ಯಾನಿಷಲ್ಲಿ "ನಾನು ಕಾಫಿಯನ್ನು ಇಷ್ಟಪಡುತ್ತೇನೆ" ಅಂತ ಹೇಳಲ್ಲ, "ಮೆ ಗುಸ್ತಾ ಎಲ್ ಕಫೆ" ಅಂತಾರೆ. ಪಕ್ಕದ ಅಮೆರಿಕದ ಹುಡುಗ ತಲೆ ಕೆಡಿಸಿಕೊಂಡ. ಇದರಲ್ಲಿ ಕರ್ತೃ ಕಾಫಿಯೋ ನಾನೋ? ಕಾಫಿ ನನಗೆ ಏನು ಮಾಡ್ತಿದೆ? ಮೇಡಂ ಬೋರ್ಡ್ ಮೇಲೆ ಬಾಣ ಎಳೆದು, ಒಂದು ಕಪ್ ಬರೆದು, ಕಪ್ಪಿನಿಂದ ಮನುಷ್ಯನ ಕಡೆಗೆ ಹೃದಯ ಹಾರಿಸಿದರು. ನನಗೆ ಅಷ್ಟರಲ್ಲಿ ನಗು ಬಂದಿತ್ತು. ಇದರಲ್ಲಿ ವಿವರಿಸೋದೇನಿದೆ? ನನಗೆ ಕಾಫಿ ಇಷ್ಟ. ಮುಗೀತು. "ಮೆ ದುವೆಲೆ ಲಾ ಕಬೆಥಾ", ನನಗೆ ತಲೆ ನೋಯ್ತಿದೆ. "ಮೆ ಪಾರೆಥೆ", ನನಗೆ ಅನ್ನಿಸುತ್ತೆ. ಒತ್ತಿ ಹೇಳಬೇಕಾದ್ರೆ ಮುಂದೆ "ಆ ಮೀ" ಸೇರಿಸ್ತಾರೆ, ನನಗಂತೂ ಇಷ್ಟ. ಜರ್ಮನಿಯವಳು ಐದು ಸಲ ತಪ್ಪಿದ್ದನ್ನ ನಾನು ಮೊದಲ ಸಲಕ್ಕೇ ಸರಿ ಹೇಳಿದೆ. ಇಂಗ್ಲಿಷಿನ ಮಟ್ಟಿಗೆ ಜೀವನದಲ್ಲಿ ಯಾವತ್ತೂ ನನಗೆ ಹೀಗಾಗಿರಲಿಲ್ಲ.

ಆವತ್ತು ಸಂಜೆ ಹೊಸ ನೋಟ್‌ಬುಕ್ ತಂದು, ಎಡಗಡೆ ಸ್ಪ್ಯಾನಿಷ್, ಬಲಗಡೆ ಕನ್ನಡ, ಉಚ್ಚಾರಣೆಯೂ ಕನ್ನಡ ಲಿಪಿಯಲ್ಲೇ ಅಂತ ಶುರು ಮಾಡಿದೆ. ಮೊದಲು ಕಣ್ಣಿಗೆ ಬಿದ್ದಿದ್ದು ಕ್ರಿಯಾಪದ. ಆಬ್ಲೊ, ಆಬ್ಲಾಸ್, ಆಬ್ಲಾ: ಮಾತಾಡ್ತೀನಿ, ಮಾತಾಡ್ತೀಯ, ಮಾತಾಡ್ತಾಳೆ. ಬಾಲ ನೋಡಿದರೆ ಯಾರು ಅಂತ ಗೊತ್ತಾಗುತ್ತೆ, "ನಾನು" "ನೀನು" ಅಂತ ಹೇಳೋ ಅಗತ್ಯವೇ ಇಲ್ಲ. ಅಮೆರಿಕದ ಹುಡುಗ ಪ್ರತಿ ವಾಕ್ಯಕ್ಕೂ "ಯೋ, ಯೋ" ಅಂತ ನಾನು ನಾನು ಮಾಡ್ತಾನೆ. ಕೇಳಿದವರಿಗೆ ಇವನಿಗೇನಪ್ಪಾ ಇಷ್ಟು ಜಂಬ ಅನ್ನಿಸಬೇಕು.

ಆಮೇಲೆ ಉಚ್ಚಾರಣೆ. ಇವರ ತ ನಮ್ಮ ತ, ಇವರ ದ ನಮ್ಮ ದ. ಇಂಗ್ಲಿಷಿನ ಅಭ್ಯಾಸದಿಂದ ನಾನು ಎರಡು ತಿಂಗಳು ಟ, ಡ ಅಂತ ಕುಟ್ಟುತ್ತಿದ್ದೆ. ಕನ್ನಡದಲ್ಲಿ ಬರೆದುಕೊಂಡ ತಕ್ಷಣ "ತೂ", "ದೋಂದೆ", "ತೊದೊ" ಎಲ್ಲಾ ತಾವಾಗಿ ಸರಿಹೋದವು. ಸ್ವರಗಳು ಅ ಎ ಇ ಒ ಉ, ಐದೇ, ಬರೆದ ಹಾಗೇ ಓದೋದು. ಬ, ವ ಎರಡಕ್ಕೂ ಒಂದೇ ಸದ್ದು. "ವ" ಅಕ್ಷರ ಬರೆದು ಬ ಅಂತಾರೆ, ಹಸುವಿಗೆ ಬಾಕಾ. ವೃಷಭನನ್ನ ಬಸವ ಮಾಡಿಕೊಂಡವರ ನಾಡಿನವಳಿಗೆ ಇದೇನು ಹೊಸದಲ್ಲ.

ಮತ್ತೆ ಞ. ಒಂದನೇ ಕ್ಲಾಸಲ್ಲಿ ಸ್ಲೇಟಿನ ಮೇಲೆ "ಚ ಛ ಜ ಝ ಞ" ಅಂತ ನೂರು ಸಲ ತಿದ್ದಿದ್ದೀನಿ. ಆಮೇಲೆ ಆ ಅಕ್ಷರ "ಜ್ಞಾನ"ದ ಕೆಳಗೆ ಒತ್ತಾಗಿ ಕೂತಿದ್ದು ಬಿಟ್ಟರೆ ಎದುರಿಗೆ ಸಿಕ್ಕಿದ್ದೇ ಇಲ್ಲ. ಮನೆಯಲ್ಲಿದ್ದೂ ಯಾರೂ ಮಾತಾಡಿಸದ ಚಿಕ್ಕಪ್ಪನ ಥರ. ಸ್ಪ್ಯಾನಿಷಲ್ಲಿ ಎನ್ ಮೇಲೆ ಒಂದು ಅಲೆ ಹಾಕಿದ ಅಕ್ಷರ ಇದೆ. ಇಂಗ್ಲಿಷಿನವರು ಅದನ್ನ ವಿವರಿಸೋಕೆ "ನ್ ಆದ ಮೇಲೆ ಯ್" ಅಂತ ಒದ್ದಾಡ್ತಾರೆ. ನಾನು ನೋಟ್‌ಬುಕ್ಕಲ್ಲಿ ಬರೆದೆ: ಎಸ್ಪಾಞಾ. ಮಞಾನಾ. ನಿಞೋ. ನಾಳೆ ಅನ್ನೋದಕ್ಕೂ ಬೆಳಿಗ್ಗೆ ಅನ್ನೋದಕ್ಕೂ ಮಞಾನಾ ಒಂದೇ ಪದ, ಅದು ಬೇರೆ ತಲೆನೋವು. ಇರಲಿ, ಇಪ್ಪತ್ತು ವರ್ಷ ಸುಮ್ಮನೆ ಕೂತಿದ್ದ ಞಗೆ ಸ್ಪೇನಿನಲ್ಲಿ ಕೆಲಸ ಸಿಕ್ಕಿತು. ನನಗಿಂತ ಮೊದಲು.

ಅದೇ ಹುಮ್ಮಸ್ಸಲ್ಲಿ ಇನ್ನೊಂದು ನಿರುದ್ಯೋಗಿಯನ್ನೂ ಕರೆದು ತಂದೆ. ಸ್ಪ್ಯಾನಿಷಲ್ಲಿ ಎರಡು ರ ಇವೆ. "ಪೆರೊ" ಅಂದ್ರೆ ಆದರೆ. ರ ಅನ್ನು ನಡುಗಿಸಿ ಹೇಳಿದ್ರೆ ನಾಯಿ. ಹಳಗನ್ನಡದಲ್ಲಿ ನಮಗೂ ಎರಡಿದ್ದವಲ್ಲ, ರ ಮತ್ತು ಱ. ಪಿಯುಸಿಯಲ್ಲಿ ಕನ್ನಡ ಮೇಷ್ಟ್ರು ಹಳಗನ್ನಡ ಪದ್ಯ ಓದುವಾಗ ಆ ಱ ಬಂದ್ರೆ ಮುಂದಿನ ಬೆಂಚಿನವರು ಹಿಂದೆ ಸರಿದು ಕೂರ್ತಿದ್ದೆವು, ಅಷ್ಟು ಜೋರು. ಈಗ ನನ್ನ ನೋಟ್‌ಬುಕ್ಕಲ್ಲಿ ನಾಯಿ "ಪೆಱೊ". ನಾನಿರೋ ಗಾರಿದೊ ನಿಜಕ್ಕೂ ಗಾಱಿದೊ. ಬೆಳಿಗ್ಗೆ ಮೆಟ್ಟಿಲು ಇಳಿಯುವಾಗ ಮೇಷ್ಟ್ರನ್ನ ನೆನೆಸಿಕೊಂಡು ಒಂದ್ಸಲ ಱಱಱ ಅಂದುಕೊಂಡು ಹೋಗ್ತೀನಿ.

ಇಷ್ಟೆಲ್ಲಾ ನನ್ನ ಗುಟ್ಟಿನ ಆಟವಾಗಿಯೇ ಇರ್ತಿತ್ತೇನೋ. ಆದರೆ ಒಂದು ದಿನ ಮೇಡಂ ಹ ಅಕ್ಷರದ ಕಥೆ ಹೇಳಿದರು.

ಸ್ಪ್ಯಾನಿಷಲ್ಲಿ ಎಚ್ ಅಕ್ಷರ ಬರೀತಾರೆ, ಓದಲ್ಲ. "ಹೋಲಾ" ಅಂತ ಬರೆದಿದ್ದನ್ನ "ಓಲಾ" ಅನ್ನಬೇಕು. ಓದದ ಮೇಲೆ ಯಾಕೆ ಬರೀಬೇಕು ಅಂತ ಯಾರೋ ಕೇಳಿದರು. ಮೇಡಂ ಬೋರ್ಡಲ್ಲಿ ಮೂರು ಕಾಲಂ ಹಾಕಿದರು. ಲ್ಯಾಟಿನ್‌ನಲ್ಲಿ ಹಿಟ್ಟಿಗೆ "ಫರೀನಾ". ಇಲ್ಲಿನ ಜನರ ಬಾಯಲ್ಲಿ ಫ ಸವೆದು ಹ ಆಯ್ತು, "ಹರೀನಾ". ಆಮೇಲೆ ಹ ಕೂಡ ಸವೆದು ಉಸಿರೂ ಉಳಿಯಲಿಲ್ಲ, ಈಗ "ಅರೀನಾ". ಹಾಗೇ ಇರುವೆ "ಫೋರ್ಮಿಕಾ" ಹೋಗಿ "ಓರ್ಮಿಗಾ". ಅಂಜೂರ "ಫಿಕುಸ್" ಹೋಗಿ "ಇಗೋ". ಬರವಣಿಗೆಯಲ್ಲಿ ಮಾತ್ರ ಎಚ್ ನಿಂತಿದೆ, ತೀರಿಕೊಂಡವರ ಹೆಸರು ಬಾಗಿಲ ಮೇಲೆ ಉಳಿದ ಹಾಗೆ.

ನಾನು ಕೈ ಎತ್ತಿದೆ. ಅದುವರೆಗೆ ಆ ಕ್ಲಾಸಲ್ಲಿ ನಾನಾಗಿ ಕೈ ಎತ್ತಿದವಳೇ ಅಲ್ಲ. ಬೋರ್ಡಿನ ಹತ್ತಿರ ಹೋಗಿ ನಾಲ್ಕನೇ ಕಾಲಂ ಹಾಕಿದೆ. ಹಾಲು, ಹಳಗನ್ನಡದಲ್ಲಿ ಪಾಲ್. ಆಮೇಲೆ ಪ ಹೋಗಿ ಹ ಬಂತು. ನಮ್ಮೂರ ಕಡೆ ಆ ಹ ಕೂಡ ಹೋಗಿ "ಆಲು". ಪುಲಿ, ಹುಲಿ, ಉಲಿ. ಪಣ್, ಹಣ್ಣು, ಅಣ್ಣು. ಪೋಗು, ಹೋಗು, ಓಗು. ಕನ್ನಡ ಲಿಪಿಯಲ್ಲಿ ಬರೆದು ಪಕ್ಕದಲ್ಲಿ ಅವರ ಲಿಪಿಯಲ್ಲೂ ಬರೆದೆ. ನನ್ನ ಸ್ಪ್ಯಾನಿಷ್ ಅರ್ಧಕ್ಕರ್ಧ ತಪ್ಪಿತ್ತು, ಆದ್ರೆ ಬೋರ್ಡಲ್ಲಿ ಕಾಣ್ತಿತ್ತಲ್ಲ. ಬ್ರೆಜಿಲಿನವಳು ಚಪ್ಪಾಳೆ ಹೊಡೆದಳು. ಅವಳ ಪೋರ್ಚುಗೀಸಲ್ಲಿ ಇನ್ನೂ "ಫರೀನ್ಯಾ", ಅವರ ಫ ಕದಲಿಲ್ಲ. ನಮ್ಮ ಪಕ್ಕದ ತಮಿಳರ ಪಾಲು, ಪುಲಿ ಕದಲದ ಹಾಗೆ.

ಒಂದು ಮಾತು ಮಾತ್ರ ಅವರಿಗೆ ಹೇಳಲಿಲ್ಲ. ಬೆಂಗಳೂರಿಗೆ ಬಂದ ಹೊಸದರಲ್ಲಿ ಕ್ಯಾಂಟೀನಲ್ಲಿ "ಆಲು ಜಾಸ್ತಿ ಆಕಿ" ಅಂದಿದ್ದಕ್ಕೆ ಜೊತೆಯವರು ಆರು ತಿಂಗಳು ಆಡಿಕೊಂಡಿದ್ದರು. ಅಕಾರ ಹಕಾರ ಗೊತ್ತಿಲ್ಲದವಳು ಅಂತ ನಾನೇ ನನ್ನನ್ನ ತಿದ್ದಿಕೊಂಡು, ಒಂದೊಂದು ಹ ಅನ್ನೂ ಕಲ್ಲು ಇಟ್ಟ ಹಾಗೆ ಇಟ್ಟು ಮಾತಾಡೋದು ಕಲಿತೆ. ಈಗ ನೋಡಿದ್ರೆ ಮದುವೆ ಪಂಕ್ತಿಯಲ್ಲಿ "ಓಯ್ತಾಳಂತೆ" ಅಂದವರ ಬಾಯಿ ಸ್ಪ್ಯಾನಿಷಿಗೆ ನನ್ನ ಬಾಯಿಗಿಂತ ಚೆನ್ನಾಗಿ ತಯಾರಾಗಿದೆ.

ಮೇಡಂಗೆ ಖುಷಿಯಾಗಿ, ತಮ್ಮ ಊರಿನ ಹೆಮ್ಮೆಯನ್ನೂ ಸೇರಿಸಿದರು. ನೆಬ್ರಿಹಾ ಅನ್ನೋ ವಿದ್ವಾಂಸ ಬರೆದ ಕ್ಯಾಸ್ಟಿಲಿಯನ್, ಅಂದ್ರೆ ಸ್ಪ್ಯಾನಿಷ್ ವ್ಯಾಕರಣ ಅಚ್ಚಾಗಿದ್ದು ಇದೇ ಸಲಮಾಂಕಾದಲ್ಲಿ, 1492ರಲ್ಲಿ, ಕೊಲಂಬಸ್ ಹಡಗು ಹತ್ತಿದ ವರ್ಷ. ಆ ಕಾಲಕ್ಕೆ ಹ ಉಸಿರು ಇನ್ನೂ ಸ್ವಲ್ಪ ಇತ್ತಂತೆ. ನಾನು ಸುಮ್ಮನಿರಬೇಕಿತ್ತು. ಇರಲಿಲ್ಲ. ಕೇಶಿರಾಜ ಅನ್ನೋರು ನಮ್ಮಲ್ಲಿ 13ನೇ ಶತಮಾನದಲ್ಲೇ ಕನ್ನಡಕ್ಕೆ ಕನ್ನಡದಲ್ಲೇ ವ್ಯಾಕರಣ ಬರೆದಿದ್ದಾರೆ ಅಂದೆ. "ಸೆಗೂರೊ?" ಅಂದರು, ಪಕ್ಕಾನಾ ಅಂತ. ಪಕ್ಕಾ ಅಂದೆ. ಹತ್ತನೇ ಕ್ಲಾಸಲ್ಲಿ ಕವಿ ಪರಿಚಯಕ್ಕೆ ಎರಡು ಮಾರ್ಕ್ಸ್ ಇತ್ತು ಅಂತ ಓದಿದ್ದು ಇಲ್ಲಿ ಬಂತು ಉಪಯೋಗಕ್ಕೆ.

ಕನ್ನಡ ಎಲ್ಲಾ ಕಡೆ ಕೈ ಹಿಡಿಯಲ್ಲ, ಅದನ್ನೂ ಹೇಳಬೇಕು. ಲಿಂಗದ ವಿಷಯಕ್ಕೆ ಬಂದ್ರೆ ನಾನು ಪೂರ್ತಿ ಅನಾಥೆ. ಮೇಜು ಹೆಣ್ಣಂತೆ, ಪುಸ್ತಕ ಗಂಡಂತೆ. ಕೈ ಹೆಣ್ಣು, ಪಾದ ಗಂಡು. ಒಬ್ಬರದೇ ಮೈಯಲ್ಲಿ! ಸಮಸ್ಯೆ ಅನ್ನೋ ಪದ "ಆ" ಅಂತ ಮುಗಿದ್ರೂ ಗಂಡು. ಅದೊಂದನ್ನ ಮಾತ್ರ ನಾನು ತಕರಾರಿಲ್ಲದೆ ಒಪ್ಪಿಕೊಂಡೆ. ಮನುಷ್ಯರನ್ನೂ ದೇವರನ್ನೂ ಬಿಟ್ಟು ಮಿಕ್ಕಿದ್ದಕ್ಕೆಲ್ಲಾ "ಅದು" ಅಂದುಬಿಡೋ ನಮ್ಮ ವ್ಯವಸ್ಥೆ ಎಷ್ಟು ಆರಾಮ ಅಂತ ಇಲ್ಲಿಗೆ ಬಂದ ಮೇಲೇ ಗೊತ್ತಾಗಿದ್ದು.

ಸಬ್ಜಂಕ್ಟಿವ್ ಅಂತ ಒಂದಿದೆ, ಹಾರೈಕೆಗೋ ಅನುಮಾನಕ್ಕೋ ಬಳಸೋ ಕ್ರಿಯಾಪದದ ಬೇರೆ ರೂಪ. ಎಲ್ಲರೂ ಹೆದರೋದು ಅದಕ್ಕೇ. ನಾನೂ ಹೆದರಿದ್ದೆ. ಆದರೆ ಮನೆ ಅಜ್ಜಿ ಫೋನ್ ಇಡುವಾಗ ದಿನಾ ಹೇಳೋ ಮಾತು "ಕೆ ತೆ ಬಾಯಾ ಬಿಯೆನ್". ಅದು "ನಿನಗೆ ಒಳ್ಳೇದಾಗಲಿ" ಅಲ್ಲದೆ ಮತ್ತೇನು? "ಆಗಲಿ, ಬರಲಿ, ಹೋಗಲಿ" ವಿಧ್ಯರ್ಥಕ. "ಕಿಥಾಸ್ ಬೆಂಗಾ" ಅಂದ್ರೆ "ಬಂದಾನು", ಸಂಭಾವನಾರ್ಥಕ. ಹೈಸ್ಕೂಲಲ್ಲಿ "ಬಂದಾನು, ಬಂದಾಳು, ಬಂದೀತು" ಅಂತ ಬಾಯಿಪಾಠ ಮಾಡುವಾಗ ಇದನ್ನ ಯಾರು ಮಾತಾಡ್ತಾರೆ ಅಂದುಕೊಂಡಿದ್ದೆ. ಪೂರ್ತಿ ಹೊಂದಲ್ಲ, ನೂರಕ್ಕೆ ಐವತ್ತು ಕಡೆ ಕೈ ಕೊಡುತ್ತೆ. ಆದ್ರೆ ಒಳಗೆ ಹೋಗೋಕೆ ಒಂದು ಬಾಗಿಲು ಸಿಕ್ತು.

ಕನ್ನಡವೇ ಅಡ್ಡ ಬಂದಿದ್ದೂ ಇದೆ. ಸ್ಪ್ಯಾನಿಷಲ್ಲಿ "ತೂ" ಅಂದ್ರೆ ನೀನು, "ಉಸ್ತೆದ್" ಅಂದ್ರೆ ನೀವು. ಇಲ್ಲಿ ಹುಡುಗರು ಮೇಷ್ಟ್ರಿಗೂ "ತೂ" ಅಂತಾರೆ, ಹೆಸರು ಹಿಡಿದು ಕರೀತಾರೆ. ನನಗೆ ನಾಲಿಗೆ ಏಳಲ್ಲ. ಮೇಡಂಗೆ "ಉಸ್ತೆದ್" ಅಂದಾಗ ಅವರು "ನನಗಷ್ಟು ವಯಸ್ಸಾಗಿದೆಯಾ?" ಅಂತ ಮುಖ ಸಣ್ಣ ಮಾಡಿದರು. ಕೊನೆಗೆ ಅವರ ಹತ್ತಿರ ಕ್ರಿಯಾಪದವೇ ಇಲ್ಲದ ವಾಕ್ಯ ಮಾತಾಡೋದು ಕಲಿತೆ. ಇವತ್ತಿಗೂ ಹಾಗೇ ನಡೀತಿದೆ. ಮನೆ ಅಜ್ಜಿಯೂ ಬಂದ ದಿನದಿಂದ "ತೂ ಅನ್ನು" ಅಂತ ಜುಲುಮೆ. ಎಪ್ಪತ್ತನಾಲ್ಕು ವರ್ಷದವರಿಗೆ ನೀನು ಅನ್ನೋದಾ ಅಂತ ಮೂರು ವಾರ ಒದ್ದಾಡಿದೆ. ಆಮೇಲೆ ಹೊಳೀತು. ನಮ್ಮನೇಲಿ ಅಪ್ಪನಿಗೆ ನೀವು, ದೊಡ್ಡಪ್ಪನಿಗೆ ನೀವು, ಪಕ್ಕದ ಮನೆಯವರಿಗೆಲ್ಲಾ ನೀವು. ಆದ್ರೆ ಅಜ್ಜಿಗೆ? "ಅಜ್ಜಿ, ನೀನು ಬಾ, ನೀನು ಉಣ್ಣು." ಅಜ್ಜಿಗೆ ಯಾವತ್ತಾದ್ರೂ ನೀವು ಅಂದಿದ್ದೀನಾ? ಮಾರನೇ ದಿನದಿಂದ "ತೂ" ಸಲೀಸಾಗಿ ಬಂತು.

ಕಚೇರಿ ವಿಚಾರ ಚಿಕ್ಕದಾಗಿ ಹೇಳಿ ಮುಗಿಸ್ತೀನಿ, ಅದನ್ನ ಬರೆಯೋಕೆ ಕೂತ್ರೆ ಬಿಪಿ ಏರುತ್ತೆ. ಆರು ತಿಂಗಳಿಗಿಂತ ಜಾಸ್ತಿ ಇರೋ ವಿದ್ಯಾರ್ಥಿಗಳು ಬಂದ ಒಂದು ತಿಂಗಳೊಳಗೆ ಗುರುತಿನ ಕಾರ್ಡಿಗೆ ಅರ್ಜಿ ಹಾಕಬೇಕು. ಅದಕ್ಕೆ ಮೊದಲೇ ಆನ್‌ಲೈನಲ್ಲಿ ಸಮಯ ಗೊತ್ತು ಮಾಡಿಕೊಳ್ಳಬೇಕು. ಇವರು ಅದನ್ನ "ಥೀತಾ" ಅಂತಾರೆ. ಆ ಥೀತಾ ಸಿಗೋಕೆ ಹನ್ನೊಂದು ದಿನ ಬೆಳಗಿನ ಜಾವ ಎದ್ದು ಮೊಬೈಲ್ ಉಜ್ಜಿದ್ದೀನಿ. ನಿಜವಾದ ತಮಾಷೆ ಇರೋದು ಫಾರ್ಮಲ್ಲಿ. ಇಲ್ಲಿ ಎಲ್ಲರಿಗೂ ಎರಡೆರಡು ಮನೆತನದ ಹೆಸರು, ಸಾಮಾನ್ಯವಾಗಿ ಮೊದಲನೇದು ಅಪ್ಪನ ಕಡೆಯದು, ಎರಡನೇದು ಅಮ್ಮನ ಕಡೆಯದು. ಮದುವೆಯಾದ್ರೂ ಹೆಂಗಸರು ತಮ್ಮದನ್ನ ಬದಲಾಯಿಸಲ್ಲ, ಅದು ನನಗೆ ಬಹಳ ಹಿಡಿಸ್ತು. ನನ್ನ ಪಾಸ್‌ಪೋರ್ಟಲ್ಲಿ ಇರೋದು ಇನಿಷಿಯಲ್ ಬಿಡಿಸಿ ಬರೆದಿದ್ದು: ಊರ ಹೆಸರು, ಆಮೇಲೆ ಅಪ್ಪನ ಹೆಸರು. ಕೌಂಟರಿನವರು ಮೊದಲ ಖಾನೆಗೆ ತಿಪಟೂರು, ಎರಡನೇ ಖಾನೆಗೆ ಅಪ್ಪನ ಹೆಸರು ತುಂಬಿಸಿದರು. ಅಂದ್ರೆ ಇಲ್ಲಿನ ಲೆಕ್ಕದಲ್ಲಿ ನಮ್ಮ ತಂದೆ ತಿಪಟೂರು, ನಮ್ಮ ತಾಯಿ ನಮ್ಮಪ್ಪ. ಮೈಕಲ್ಲಿ "ಸೆಞೋರಾ ತಿಪ್ತೂರ್!" ಅಂತ ಕೂಗಿದಾಗ ಒಂದು ಕ್ಷಣ ನಮ್ಮೂರೇ ಎದ್ದು ಕೌಂಟರಿಗೆ ಹೊರಟ ಹಾಗಿತ್ತು.

ಊಟದ ವಿಷಯ. ಸಲಮಾಂಕಾ ಜಿಲ್ಲೆ ಹಂದಿ ತೊಡೆ ಒಣಗಿಸಿ ಮಾಡೋ ಹಾಮೋನಿಗೆ ಹೆಸರುವಾಸಿ, ನಾನು ಹುಟ್ಟಾ ಸಸ್ಯಾಹಾರಿ. ಮೊದಲ ವಾರ ಹೋಟೆಲಲ್ಲಿ "ಇದರಲ್ಲಿ ಮಾಂಸ ಇದೆಯಾ?" ಅಂತ ಕೇಳಿದೆ. "ಇಲ್ಲ ಇಲ್ಲ, ಸ್ವಲ್ಪ ಹಾಮೋನ್ ಅಷ್ಟೇ" ಅಂದ್ರು, ಒಗ್ಗರಣೆಗೆ ಸಾಸಿವೆ ಹಾಕಿದ್ದೀವಿ ಅನ್ನೋ ಧಾಟಿಯಲ್ಲಿ. ಅವತ್ತಿಂದ ನನ್ನ ಪ್ರಶ್ನೆ ಬದಲಾಗಿದೆ: ಹಾಮೋನೂ ಇಲ್ಲ, ಚೊರೀಥೊ ಅನ್ನೋ ಹಂದಿ ಸಾಸೇಜೂ ಇಲ್ಲ, ಟ್ಯೂನಾ ಮೀನೂ ಇಲ್ಲ, ಹೌದು ತಾನೇ?

ಆದರೆ ಶನಿವಾರದ ಮಾರ್ಕೆಟ್ ನನಗೆ ಪ್ರಾಣ. ಪ್ಲಾಥಾ ಮಯೋರ್ ಅಂದ್ರೆ ಊರ ದೊಡ್ಡ ಚೌಕ, ಅದರ ಪಕ್ಕದಲ್ಲೇ ಕಬ್ಬಿಣದ ಕಟ್ಟಡದ ಹಳೇ ಮಾರುಕಟ್ಟೆ. ಅಲ್ಲಿ ಯಾರೂ ಸಾಲಾಗಿ ನಿಲ್ಲಲ್ಲ, ಗುಂಪಾಗಿ ಹರಟೆ ಹೊಡೀತಾ ಇರ್ತಾರೆ. ಸಾಲು ಇಲ್ಲ ಅಂದುಕೊಂಡು ಮೊದಲ ದಿನ ನಾನು ನೇರ ಮುಂದೆ ಹೋಗಿ ಕೈ ಚಾಚಿದೆ. ಆರೇಳು ಜನ ಒಟ್ಟಿಗೆ ತಿರುಗಿ ನೋಡಿದರು. ಕ್ರಮ ಏನಪ್ಪಾ ಅಂದ್ರೆ, ಬಂದವರು ಮೊದಲು "ಕೊನೆಯವರು ಯಾರು?" ಅಂತ ಕೂಗಬೇಕು. "ನಾನು" ಅಂದವರ ಮುಖ ನೆನಪಿಟ್ಟುಕೊಂಡರಾಯ್ತು, ಆಮೇಲೆ ಎಲ್ಲಿ ಬೇಕಾದ್ರೂ ನಿಲ್ಲಬಹುದು. ಸಾಲು ಕಾಣಲ್ಲ, ಆದ್ರೆ ಇದೆ. ಇನ್ನೊಂದು ಸಲ ಒಂದು ಗಂಟೆಗೆ "ಬುವೆನಾಸ್ ತಾರ್ದೆಸ್" ಅಂತ ಮಧ್ಯಾಹ್ನದ ನಮಸ್ಕಾರ ಹೇಳಿದ್ದಕ್ಕೆ ತರಕಾರಿಯವರು "ಇನ್ನೂ ನನ್ನ ಊಟ ಆಗಿಲ್ಲಮ್ಮಾ" ಅಂತ ತಿದ್ದಿದರು. ಇಲ್ಲಿ ಊಟ ಆಗೋ ತನಕ ಬೆಳಿಗ್ಗೆಯೇ.

ಆ ಮಾರ್ಕೆಟಲ್ಲಿ ಆರ್ಮೂಞಾ ಬೇಳೆ ಸಿಗುತ್ತೆ. ನೋಡಿ, ಇಲ್ಲೂ ಞ. ಸಲಮಾಂಕಾದ ಪಕ್ಕದ ಬಯಲಲ್ಲಿ ಬೆಳೆಯೋ ಕಂದು-ಹಸಿರು ಮಸೂರ. ತೊಗರಿ ಬೇಳೆಯ ಗುಣ ಅದಕ್ಕಿಲ್ಲ ನಿಜ, ಆದ್ರೆ ನುಣ್ಣಗೆ ಬೇಯುತ್ತೆ. ದಕ್ಷಿಣದ ಲಾ ಬೆರಾ ಕಡೆಯಿಂದ ಬರೋ ಪಿಮೆಂತೋನ್ ಅಂದ್ರೆ ಹೊಗೆಯಲ್ಲಿ ಒಣಗಿಸಿದ ಮೆಣಸಿನಕಾಯಿ ಪುಡಿ. ಅದನ್ನ ಒಂದು ಚಮಚ ಸಾರಿಗೆ ಹಾಕಿದ್ರೆ ಸೌದೆ ಒಲೆ ಮೇಲೆ ಕುದಿಸಿದ ವಾಸನೆ. ಸಾರಿನ ಪುಡಿ ಮುಗಿದ ಮೇಲೂ ನಾನು ಬದುಕಿರೋದು ಅದರಿಂದ.

ಆ ಸಾರು ಮಾಡುವಾಗಲೇ ಅನಾಹುತ ಆಯ್ತು. ಮನೆ ಅಜ್ಜಿ ಹತ್ತಿರ ಪೆರೆರುವೆಲಾ ಅನ್ನೋ ಊರಿನ ಮಣ್ಣಿನ ಪಾತ್ರೆ ಒಂದಿತ್ತು. ಅಗಲ ಬಾಯಿ, ಒಳಗಡೆ ಜೇನಿನ ಬಣ್ಣದ ಹೊಳಪು, ಅಂಚಲ್ಲಿ ನಲವತ್ತು ವರ್ಷದ ಕರಿ. ಅದು ಅವರ ಅತ್ತೆಯದಂತೆ. ಬೇಳೆ ತಳ ಹಿಡೀತಿದೆ ಅಂತ ಗಾಬರಿಯಾಗಿ ನಲ್ಲಿಯ ತಣ್ಣೀರನ್ನ ದಬಕ್ ಅಂತ ಸುರಿದೆ. ಟಿಕ್ ಅಂತ ಒಂದೇ ಸದ್ದು. ನೋಡನೋಡ್ತಾ ನಡುವೆ ಒಂದು ಕೂದಲೆಳೆ ಗೆರೆ ಓಡಿತು, ಸಾರು ಸ್ಟೌ ಮೇಲೆ ಇಳಿಯೋಕೆ ಶುರುವಾಯ್ತು.

ಅಜ್ಜಿ ನಡುಮನೆಯಲ್ಲಿ ಮೇಜಿನ ಹತ್ತಿರ ಕೂತಿದ್ದರು. ಇಲ್ಲಿನ ಮನೆಗಳಲ್ಲಿ ದುಂಡು ಮೇಜಿಗೆ ನೆಲದ ತನಕ ಲಂಗ ತೊಡಿಸಿದ ಹಾಗೆ ದಪ್ಪ ಬಟ್ಟೆ ಹಾಕಿ, ಅಡಿಯಲ್ಲಿ ಕರೆಂಟಿನ ಅಗ್ಗಿಷ್ಟಿಕೆ ಇಟ್ಟಿರ್ತಾರೆ. ಚಳಿಗಾಲ ಪೂರ್ತಿ ಕಾಲನ್ನ ಅದರೊಳಗೆ ತೂರಿಸಿಕೊಂಡೇ ಬದುಕು. ನಾನು ಒಡೆದ ಪಾತ್ರೆ ಹಿಡಿದು ಹೋಗಿ ನಿಂತೆ. ದಾರಿಯುದ್ದಕ್ಕೂ ವಾಕ್ಯ ಜೋಡಿಸಿಕೊಂಡು ಹೋಗಿದ್ದೆ: "ಎ ಱೋತೊ ತು ಕಥುವೆಲಾ." ನಾನು ನಿನ್ನ ಪಾತ್ರೆಯನ್ನು ಒಡೆದಿದ್ದೇನೆ. ವ್ಯಾಕರಣ ಪಕ್ಕಾ, ತಪ್ಪೊಪ್ಪಿಗೆಯೂ ಪಕ್ಕಾ.

ಅಜ್ಜಿ ಪಾತ್ರೆ ನೋಡಿದರು, ನನ್ನ ನೋಡಿದರು. "ಹಾಗಲ್ಲ" ಅಂದರು. "ಸೆ ತೆ ಆ ಱೋತೊ." ಬೆರಳೆತ್ತಿ ಇನ್ನೊಂದು ಸಲ ಹೇಳಿ, ನನ್ನ ಬಾಯಲ್ಲೂ ಹೇಳಿಸಿದರು: "ಸೆ ಮೆ ಆ ಱೋತೊ."

ನಿಂತಲ್ಲೇ ಕನ್ನಡಕ್ಕೆ ಇಳಿಸಿದೆ. ಅದು ನನಗೆ ಒಡೆದುಹೋಯ್ತು. ನಾನು ಒಡೆದೆ ಅಲ್ಲ, ಒಡೆದುಹೋಯ್ತು. ನಮ್ಮಜ್ಜಿ ಕೈಯಿಂದ ಹಂಡೆ ಬಿದ್ದಾಗ, ನನ್ನ ಕೈಯಿಂದ ಲೋಟ ಬಿದ್ದಾಗ, ನಮ್ಮನೇಲಿ ಯಾರಾದ್ರೂ "ನಾನು ಬೀಳಿಸಿದೆ" ಅಂದಿದ್ದು ನನಗೆ ನೆನಪಿಲ್ಲ. ಬಿತ್ತು. ಒಡೆದುಹೋಯ್ತು. ಹೋಗ್ಲಿ ಬಿಡು. ಅಜ್ಜಿ ಆ ಪಾತ್ರೆಯನ್ನ ಎಸೆಯಲಿಲ್ಲ. ಒಣಗಿಸಿ, ಬೆಳ್ಳುಳ್ಳಿ ಈರುಳ್ಳಿ ಹಾಕಿ ಫ್ರಿಜ್ ಮೇಲೆ ಇಟ್ಟುಕೊಂಡಿದ್ದಾರೆ. ಸಾರನ್ನ ಇಬ್ಬರೂ ಸ್ಟೀಲ್ ಪಾತ್ರೆಗೆ ಸೋಸಿಕೊಂಡು ಕುಡಿದೆವು. ಅವರಿಗೆ ಖಾರ ಜಾಸ್ತಿಯಾಗಿ ಕಣ್ಣಲ್ಲಿ ನೀರು ಬಂತು. ಎರಡನೇ ಸಲವೂ ಹಾಕಿಸಿಕೊಂಡರು.

ಕಳೆದ ವಾರ ಮಾರ್ಕೆಟಲ್ಲಿ ಎರಡು ಯೂರೋಗೆ ತೆಂಗಿನಕಾಯಿ ಕಂಡೆ. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ, ಉಗುರಲ್ಲಿ ತಟ್ಟಿ, ಐದರಲ್ಲಿ ಒಂದನ್ನ ಆರಿಸಿದೆ. ಅಂಗಡಿಯವರು ಕಲ್ಲಂಗಡಿ ವ್ಯಾಪಾರ ಅಂದುಕೊಂಡಿರಬೇಕು. ಜುಟ್ಟು ಮೊದಲೇ ಕಿತ್ತು ಬೋಳು ಮಾಡಿದ್ದರು, ಅಪ್ಪ ನೋಡಿದ್ರೆ ಮುಟ್ಟುತ್ತಲೂ ಇರಲಿಲ್ಲ. ಮನೆಗೆ ತಂದ ಮೇಲೆ ನೋಡಿದರೆ ಒಡೆಯೋಕೆ ಮಚ್ಚಿಲ್ಲ, ಕಲ್ಲಿಲ್ಲ. ಮೆಟ್ಟಿಲ ಅಂಚಿಗೆ ಹೋಗಿ ಕೂತು, ಕೈಯಲ್ಲಿ ಕಾಯಿ ತಿರುಗಿಸ್ತಾ ತಿರುಗಿಸ್ತಾ ಅಂಚಿಗೆ ಕುಟ್ಟಿದೆ. ಒಂದು, ಎರಡು, ಮೂರು. ಬಾವಿಯಂಥ ಮೆಟ್ಟಿಲ ಸಂದಿ, ಮೂರು ಮಹಡಿಗೂ ಗುಂಡು ಹೊಡೆದ ಹಾಗೆ ಕೇಳಿಸ್ತು. ನಾಲ್ಕನೇ ಏಟಿಗೆ ಸರಿಯಾಗಿ ಎರಡು ಹೋಳಾಯ್ತು. ಮಧ್ಯಾಹ್ನ ನಾಲ್ಕು ಗಂಟೆ, ಊಟ ಮುಗಿಸಿ ಇಡೀ ಬಿಲ್ಡಿಂಗೇ ಮಲಗಿದ್ದ ಹೊತ್ತು ಅನ್ನೋದು ಆಗ ನೆನಪಾಯ್ತು.

ಕೆಳಗಿನ ಮನೆಯವರು ಬಾಗಿಲು ತೆಗೆದು, ತಲೆಗೂದಲು ಕೆದರಿಕೊಂಡು, ಮೇಲಕ್ಕೆ ಹತ್ತಿ ಬಂದರು. ನನ್ನ ಕೈಯಲ್ಲಿ ಎರಡು ಹೋಳು, ಮೆಟ್ಟಿಲ ಮೇಲೆಲ್ಲಾ ನೀರು. ನಾನು ಎದ್ದು ನಿಂತು, ತಲೆ ತಗ್ಗಿಸಿ, ತಡವರಿಸದೆ ಹೇಳಿದೆ:

"ಸೆ ಮೆ ಆ ಱೋತೊ."

ಅವರು ಹೋಳುಗಳನ್ನ ನೋಡಿದರು. ನನ್ನ ಬೆನ್ನ ಹಿಂದೆ ಬಾಗಿಲ ಸಂದಿಯಿಂದ ಅಜ್ಜಿಯ ದನಿ ಬಂತು: "ಪೋಬ್ರೆ ಕೋಕೊ." ಪಾಪ, ತೆಂಗಿನಕಾಯಿ.